ಗಂಟೆ ಉಳಿಸಿಕೊಂಡ ಸಾಲ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಪೂರ್ತಿ ಕಾಲೂರಿರಲಿಲ್ಲ. ಮೀನು ಸಾಕುವ ಹೊಂಡಗಳಲ್ಲಿ ವರ್ಷದ ಕೊಳೆ ತೆಗೆಯುವ ಕೆಲಸ ನಡೆದಿತ್ತು. ಮರಿ ಬಿಡುವ ಚಿಕ್ಕ ಹೊಂಡಗಳನ್ನು ಬರಿದು ಮಾಡಿ ಒಣಗಲು ಬಿಟ್ಟಿದ್ದರು. ತಳದ ಕೆಸರು ಬಿರಿದು, ಒಡೆದ ಹೆಂಚಿನ ಚೂರುಗಳಂತೆ ಅಂಚು ಎತ್ತಿಕೊಂಡಿತ್ತು. ಆಳುಗಳು ಮೂಗಿಗೆ ಬಟ್ಟೆ ಕಟ್ಟಿ ಬುಟ್ಟಿ ಬುಟ್ಟಿ ಸುಣ್ಣ ಎರಚುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಯಾರಾದರೊಬ್ಬ ಸೀನುತ್ತಿದ್ದ.

ದೊಡ್ಡ ಹೊಂಡದ ಏರಿಯ ಮೇಲೆ ಮಾತ್ರ ಬೇರೆಯೇ ಕೆಲಸ. ಅಲ್ಲಿ ಪೊಲೀಸ್ ಚೌಕಿಯ ದಫೇದಾರರು ಗಂಟೆಯೆಂದು ಕಂಬಕ್ಕೆ ತೂಗುಹಾಕಿದ್ದ ರೈಲುಹಳಿಯ ತುಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು.

ಠಣ್. ಠಣ್. ಠಣ್.

ನೀರು ಮಿಸುಕಲಿಲ್ಲ.

"ಇನ್ನೊಂದು ಸಲ ಹೊಡಿಯೋ," ಎಂದಳು ಅವರ ಅಕ್ಕ. ಮಗುಚಿ ಹಾಕಿದ ಮೇವಿನ ಬುಟ್ಟಿಯ ಮೇಲೆ ಕೊಡೆ ಬಿಡಿಸಿಕೊಂಡು ಕೂತಿದ್ದಳು.

"ಕೈ ನೋಯ್ತಾ ಇದೆ ಅಕ್ಕ. ಬರಲ್ಲ ಅಂದ್ರೆ ಬರಲ್ಲ. ಗಂಟೆಯಣ್ಣ ಹೊಡೆದ್ರೆ ಮಾತ್ರ ಬರೋದು ಅಂತ ಊರೆಲ್ಲ ಹೇಳ್ತಾರಲ್ಲ, ಅದೇ ನಿಜ."

"ಊರೆಲ್ಲ ಹೇಳೋದನ್ನ ಕೇಳೋಕೆ ನಾನು ಬಸ್ಸು ಹತ್ತಿ ಬಂದೆನಾ?"

ದಫೇದಾರರು ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡರು. ಈ ಹೊಂಡದ ತಾಯಿಮೀನುಗಳಲ್ಲಿ ಮುಕ್ಕಾಲು ಪಾಲು ಒಂದೇ ಮುಂಜಾನೆ ಕಾಣೆಯಾಗಿ, ಅವುಗಳಿಗೆ ಮೇವು ಹಾಕುತ್ತಿದ್ದ ಗಂಟೆಯಣ್ಣನನ್ನು ಕಳ್ಳನೆಂದು ಚೌಕಿಯಲ್ಲಿ ಕೂಡಿಹಾಕಿ ಒಂದು ವಾರವಾಗಿತ್ತು. ಇವತ್ತು ಸಂಜೆ ಜೀಪು ಬಂದು ಅವನನ್ನು ಪಟ್ಟಣದ ಜೈಲಿಗೆ ಒಯ್ಯುವುದಿತ್ತು. ಒಮ್ಮೆ ಅಲ್ಲಿಗೆ ಹೋದವನು ಯಾವಾಗ ಹೊರಗೆ ಬಂದಾನೋ, ಹೇಳಬಲ್ಲವರಿರಲಿಲ್ಲ.

ಅವನ ಕೈ ಹಿಡಿದು ಕರೆದೊಯ್ದವರು ದಫೇದಾರರೇ. ಗಂಟೆಯಣ್ಣ ಅತ್ತಿರಲಿಲ್ಲ, ಆಣೆ ಹಾಕಿರಲಿಲ್ಲ. "ಮೀನಿಗೆ ಹೊತ್ತಿಗೆ ಸರಿಯಾಗಿ ಹಾಕ್ಸಿ" ಎಂದಷ್ಟೇ ಹೇಳಿ ಚಪ್ಪಲಿ ಹೊರಗೆ ಬಿಟ್ಟು ಕೋಣೆಯೊಳಕ್ಕೆ ಹೋಗಿದ್ದ. ಆ ಚಪ್ಪಲಿ ಬಾಗಿಲಲ್ಲಿ ಇವತ್ತಿಗೂ ಹಾಗೇ ಇತ್ತು. ಅದನ್ನು ದಾಟಿಕೊಂಡು ಓಡಾಡಿ ದಫೇದಾರರಿಗೆ ಅನ್ನ ಸೇರದಂತಾಗಿತ್ತು.

ಏರಿಯ ಆ ತುದಿಯಲ್ಲಿ ಗಂಟೆಯಣ್ಣನ ಮಗಳು ಊಟದ ಡಬ್ಬಿ ಹಿಡಿದು ಚೌಕಿಯ ಕಡೆ ಹೋಗುತ್ತಿದ್ದಳು. ಇವರನ್ನು ಕಂಡೂ ಕಾಣದವಳಂತೆ ಮುಖ ಹೊರಳಿಸಿದಳು.

"ಸರಿ, ಮೊದಲಿಂದ ಹೇಳು," ಎಂದಳು ಅಕ್ಕ. "ಮೀನು ಹೋಗಿದ್ದು ಗೊತ್ತಾದ ದಿನ ನೀನು ಈ ಗಂಟೆ ಬಾರಿಸಿದೆಯಾ?"

"ಬಾರಿಸಿದೆ. ಉಳಿದಿದ್ದವು ಬಂದ್ವು."

"ನೀನು ಬಾರಿಸಿದ್ದಕ್ಕೇ ಬಂದ್ವು?"

"ಬಂದ್ವು."

"ಹಾಗಾದ್ರೆ ಅವು ಬರೋದು ಗಂಟೆಗೆ, ಗಂಟೆಯಣ್ಣನಿಗಲ್ಲ. ಆಮೇಲೆ?"

"ಮಾರನೇ ದಿನ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ನೋಡ್ಬೇಕು ಅಂದ್ರು, ಬಾರಿಸಿದೆ. ಪೇಪರಿನವರು ಬಂದ್ರು, ಬಾರಿಸಿದೆ. ಸಾಹೇಬರ ಹೆಂಡ್ತಿ ತವರಿನವರು ಬಂದ್ರು, ಅವರೆಲ್ಲ ಒಂದೊಂದು ಸಲ ತಾವೇ ಬಾರಿಸಿ ನೋಡಿದ್ರು. ಊರವರಂತೂ..."

"ಇಷ್ಟು ಸಲ ಬಾರಿಸಿದ್ರಲ್ಲ, ಮೇವು ಹಾಕಿದ್ರಾ?"

"ಮೇವು ಯಾಕೆ? ತನಿಖೆಗೆ ಬಾರಿಸಿದ್ದು. ಮೇವನ್ನ ಹೊಂಡದ ಯಜಮಾನಮ್ಮನೇ ದೋಣಿಯಲ್ಲಿ ಹೋಗಿ ಆ ಕಡೆ ಹಾಕಿಸ್ತಾರೆ. ಗಂಟೆ ಸಾಕ್ಷ್ಯ, ಮೇವಿನ ಹೊತ್ತಲ್ಲಿ ಮುಟ್ಟಬೇಡಿ ಅಂತ ನಾನೇ ಹೇಳಿದೀನಿ."

ಅಕ್ಕ ಕೊಡೆ ಮಡಚಿದಳು. ಮೇಷ್ಟ್ರಾಗುವವರಿಗೆ ಮನಶ್ಶಾಸ್ತ್ರ ಹೇಳಿ ಹೇಳಿ ನಿವೃತ್ತಳಾದವಳು ಅವಳು. ಮನೆಯ ಮಾಳಿಗೆಯಲ್ಲಿ ಪಾರಿವಾಳ ಸಾಕಿ, ಯಾವ ಬಣ್ಣದ ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆಂದು ಅವುಗಳಿಗೆ ಕಲಿಸುವುದು ಈಗಲೂ ಅವಳ ಹುಚ್ಚು. ಯಾವುದಾದರೂ ಕೇಸು ಗಂಟಲಿಗೆ ಸಿಕ್ಕಿಕೊಂಡಾಗ ದಫೇದಾರರು ಸಾಹೇಬರಿಗೆ ತಿಳಿಯದಂತೆ ಅವಳಿಗೆ ಫೋನು ಮಾಡುತ್ತಿದ್ದರು.

"ತಮ್ಮಾ, ನೀವೆಲ್ಲ ಸೇರಿ ಆ ಗಂಟೆಯನ್ನ ಸುಳ್ಳುಗಾರನ್ನಾಗಿ ಮಾಡಿಬಿಟ್ರಿ."

"ಅಂದ್ರೆ?"

"ಮೇವು ಕಂಡ್ರೆ ಮೀನು ಮೇಲೆ ಬರುತ್ತೆ, ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಗಂಟೆಯಣ್ಣ ಮಾಡಿದ್ದಿಷ್ಟೇ. ಪ್ರತಿಸಲ ಮೇವು ಹಾಕೋ ಮುಂಚೆ ಗಂಟೆ ಬಾರಿಸಿದ. ಗಂಟೆ, ಮೇವು. ಗಂಟೆ, ಮೇವು. ದಿನಾ ಹೀಗೇ ಆಗ್ತಾ ಆಗ್ತಾ ಮೇವಿಗೆ ಬರ್ತಿದ್ದದ್ದು ಗಂಟೆಗೇ ಬರೋಕೆ ಶುರುವಾಯ್ತು. ಇದನ್ನ ನಾವು ಅನುಬಂಧನ ಅಂತೀವಿ. ಮೀನಿನ ತಲೆಯೊಳಗೆ ಏನಿದೆ ಅಂತ ಇಣುಕಿ ನೋಡೋ ಗೋಜೇ ಇಲ್ಲ. ಯಾವ ಸದ್ದಿನ ಹಿಂದೆ ಏನು ಬಂತು, ಅದಕ್ಕೆ ಅದು ಏನು ಮಾಡ್ತು, ಇಷ್ಟೇ ನೋಡೋದು."

"ಈಗ ಬರ್ತಿಲ್ಲವಲ್ಲ?"

"ನೀವು ಬಾರಿಸಿದ್ರಿ, ಮೇವು ಬರಲಿಲ್ಲ. ಮತ್ತೆ ಬಾರಿಸಿದ್ರಿ, ಮತ್ತೆ ಬರಲಿಲ್ಲ. ಕಲಿತದ್ದು ಮೆಲ್ಲಗೆ ನಂದಿಹೋಯ್ತು. ಎಣ್ಣೆ ಹಾಕದೇ ಇದ್ರೆ ದೀಪ ಉರಿಯುತ್ತಾ?"

ದಫೇದಾರರಿಗೆ ಅವಮಾನವಾಯಿತೋ ನಗು ಬಂದಿತೋ ಅವರಿಗೇ ತಿಳಿಯಲಿಲ್ಲ. "ಮನುಷ್ಯರಿಗೂ ಹೀಗೇನಾ?"

"ಏಳರ ಮಗ್ಗಿ ಹೇಳು ನೋಡೋಣ."

"ಅಕ್ಕ, ಸಮವಸ್ತ್ರದಲ್ಲಿದೀನಿ."

"ಹೇಳೋ."

ಅವರು ಸುತ್ತ ನೋಡಿ ಬಾಯೊಳಗೇ ಗುನುಗಿದರು. ಮಗ್ಗಿಯ ಅರ್ಧ ದಾರಿಗೆ ಬರುವಷ್ಟರಲ್ಲಿ ನಾಲಿಗೆಯ ಅಡಿ ನೀರೂರಿತು. ಬಾಯಿ ಗಪ್ಪನೆ ಮುಚ್ಚಿಕೊಂಡರು.

"ಒಂದೊಂದು ಸಾಲಿಗೆ ಒಂದೊಂದು ಪೆಪ್ಪರಮೆಂಟು ಕೊಟ್ಟಿದ್ದೆ," ಎಂದಳು ಅಕ್ಕ. "ಅಮ್ಮ ಕೋಲು ಹಿಡಿದು ಕಲಿಸಿದ ಎಂಟರ ಮಗ್ಗಿ ನಿನಗೆ ಇವತ್ತಿಗೂ ಬರಲ್ಲ."

*

ಮಧ್ಯಾಹ್ನದ ಊಟಕ್ಕೆ ಇಬ್ಬರೂ ತೂಬಿನ ಕಡೆಗೆ ಬಂದರು. ಏರಿಯಲ್ಲಿ ನೆರಳಿದ್ದದ್ದು ಅಲ್ಲೊಂದೇ ಕಡೆ. ಕಲ್ಲಿನ ಮೆಟ್ಟಿಲುಗಳು ನೀರೊಳಕ್ಕೆ ಇಳಿದಿದ್ದವು. ಪಕ್ಕದಲ್ಲಿ ತೂಬಿನ ಬಾಯಿ. ಅದರ ಕೊಳವೆ ಕಾಂಪೌಂಡು ಗೋಡೆಯ ಅಡಿಯಲ್ಲಿ ಹಾದು ಆಚೆಯ ಗುಂಡಿಗೆ ತೆರೆದುಕೊಂಡಿತ್ತು.

ದಫೇದಾರರು ಅನ್ನ ಕಲೆಸುತ್ತಲೇ ಸಾಹೇಬರ ವಾದವನ್ನು ಒಪ್ಪಿಸಿದರು. ಎಳೆಬಲೆ ಹಾಕಬೇಕಾದರೆ ಎರಡೂ ದಂಡೆಯಲ್ಲಿ ಆಳುಗಳು ಬೇಕು, ತಳದ ಕೆಸರೆಲ್ಲ ಎದ್ದು ನೀರು ಮಣ್ಣಾಗುತ್ತದೆ. ಆ ದಿನ ಬೆಳಿಗ್ಗೆ ನೀರು ತಿಳಿಯಾಗಿತ್ತು. ಅಂದರೆ ಕಳ್ಳ ಮೀನನ್ನು ಒಂದು ಮೂಲೆಗೆ ಕರೆದು, ಕೈಬಲೆಯಲ್ಲಿ ಮೊಗೆದುಕೊಂಡು ಹೋಗಿದ್ದಾನೆ. ಕರೆದರೆ ಬರುವುದು ಗಂಟೆಯಣ್ಣನಿಗೆ.

"ಗಂಟೆ ಸದ್ದು ಯಾರಾದ್ರೂ ಕೇಳಿದ್ರಾ?"

"ಯಾರೂ ಕೇಳಿಲ್ಲ. ಸುತ್ತಿಗೆಗೆ ಬಟ್ಟೆ ಸುತ್ತಿರ್ತಾನೆ ಅಂತಾರೆ ಸಾಹೇಬರು."

"ನಮಗೆ ಕೇಳಿಸದಿರೋ ಗಂಟೆ ನೀರೊಳಗಿರೋ ಮೀನಿಗೆ ಕೇಳಿಸ್ತಂತಾ? ನಿಮ್ಮ ಸಾಹೇಬರಿಗೂ ಯಾರೋ ಪೆಪ್ಪರಮೆಂಟು ಕೊಟ್ಟಿರಬೇಕು."

ಅಕ್ಕ ಎದ್ದು ಡಬ್ಬಿ ತೊಳೆಯಲು ಕೆಳಗಿನ ಮೆಟ್ಟಿಲಿಗೆ ಇಳಿದಳು. ಬೂದಿ ಇಲ್ಲದ್ದಕ್ಕೆ ಒಂದಿಷ್ಟು ಮಣ್ಣು ಹಚ್ಚಿ ಉಜ್ಜಿ, ನೀರೊಳಗೆ ಮುಳುಗಿಸಿ ಜಾಲಾಡಿದಳು. ಡಬ್ಬಿಯ ಅಂಚು ಮುಳುಗಿದ ಮೆಟ್ಟಿಲ ಕಲ್ಲಿಗೆ ಎರಡು ಮೂರು ಸಲ ಬಡಿಯಿತು.

ಮೇಲಿನ ಮೆಟ್ಟಿಲಲ್ಲಿದ್ದ ದಫೇದಾರರಿಗೆ ಏನೂ ಕೇಳಿಸಲಿಲ್ಲ. ಆದರೆ ಹೊಂಡದ ನಡುವೆ ನೀರು ಒಂದು ಕಡೆ ಉಬ್ಬಿ, ಗೆರೆ ಗೆರೆಯಾಗಿ ಇತ್ತ ಹರಿದುಬರತೊಡಗಿತು. ಮೊದಲು ಒಂದು ಕಪ್ಪು ಬೆನ್ನು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಮೆಟ್ಟಿಲ ಬುಡದಲ್ಲಿ ತೋಳುದ್ದದ ಗೆಂಡೆಮೀನುಗಳು ಒಂದರ ಮೇಲೊಂದು ಬಿದ್ದು, ದುಂಡು ಬಾಯಿ ತೆರೆದು ಮುಚ್ಚಿ, ಅಕ್ಕನ ಮೊಣಕೈವರೆಗೂ ನೀರು ಎರಚಿದವು.

ಅಕ್ಕ ಡಬ್ಬಿ ಎತ್ತಲಿಲ್ಲ, ಅಲುಗಲಿಲ್ಲ.

"ನೋಡಿದೆಯಾ?"

"ನೋಡಿದೆ," ಎಂದರು ದಫೇದಾರರು.

"ಗಂಟೆಗೆ ಕಿವುಡಾದ ಮೀನು ಡಬ್ಬಿಗೆ ಓಡಿ ಬಂದ್ವು. ನೀರೊಳಗೆ ಬಡಿದ್ರೆ ದಂಡೆ ಮೇಲಿರೋರಿಗೆ ಕೇಳಿಸಲ್ಲ, ಹೊಂಡದ ತುಂಬ ಮೀನಿಗೆಲ್ಲ ಕೇಳಿಸುತ್ತೆ. ಯಾರೋ ಇವಕ್ಕೆ ಇಲ್ಲಿ ಬೇರೆ ಪಾಠಶಾಲೆ ನಡೆಸಿದ್ದಾರೆ ಕಣೋ."

ಇನ್ನೂ ತೊಳೆಯದೆ ಇಟ್ಟಿದ್ದ ಮುಚ್ಚಳದಲ್ಲಿ ಉಳಿದಿದ್ದ ಅಗುಳನ್ನು ಅವಳು ನೀರಿಗೆ ಕೊಡವಿದಳು. "ಇದನ್ನೂ ಸುಳ್ಳು ಮಾಡೋದು ಬೇಡ. ನಮಗೆ ಇನ್ನೊಂದು ಸಲ ಬೇಕಾಗುತ್ತೆ."

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೂಬಿನ ಪಕ್ಕದ ಗೂಡಿನಂಥ ಸಂದಿಯಲ್ಲಿ ಎರಡು ಗುಂಡುಕಲ್ಲುಗಳಿದ್ದವು. ಅಲ್ಲಿದ್ದ ಉಳಿದ ಕಲ್ಲುಗಳಿಗೆಲ್ಲ ಹಸಿರು ಪಾಚಿ ಮೆತ್ತಿತ್ತು. ಇವೆರಡು ಮಾತ್ರ ಈಗ ತೊಳೆದಿಟ್ಟಂತಿದ್ದವು, ಒಂದಕ್ಕೊಂದು ಬಡಿದು ಒಂದು ಮಗ್ಗುಲು ಸವೆದಿತ್ತು. ಸಂದಿಯ ಅಂಚಿನಲ್ಲಿ ಕಂದು ಪುಡಿ ಚೆಲ್ಲಿತ್ತು. ಕೆಂಪಿರುವೆಗಳು ಸಾಲುಗಟ್ಟಿ ಅದನ್ನು ಹೊರುತ್ತಿದ್ದವು.

ದಫೇದಾರರು ಚಿಟಿಕೆ ಎತ್ತಿ ಮೂಸಿದರು. "ಒಣಸೀಗಡಿ. ಇವರ ಉಗ್ರಾಣದಲ್ಲಿ ಇರೋದು ಹಿಂಡಿ, ತವುಡು. ಸೀಗಡಿ ಇಲ್ಲವೇ ಇಲ್ಲ."

"ಹಿಂಡಿ ತಿಂದು ತಿಂದು ಬೇಜಾರಾದ ಬಾಯಿಗೆ ಸೀಗಡಿ. ಬೇಗ ಕಲಿಸಬೇಕು ಅಂತ ಒಳ್ಳೇ ರುಚಿ ಹಿಡಿಸಿದ್ದಾನೆ. ಈಗ ನೀನು ಹೇಳು. ಗಂಟೆ ಯಾಕೆ ನಂದಿತು?"

"ಬಾರಿಸಿದ್ವಿ, ಮೇವು ಹಾಕಲಿಲ್ಲ."

"ಕಲ್ಲು ಯಾಕೆ ನಂದಿಲ್ಲ?"

"ಬಡಿದು ಮೇವು ಹಾಕ್ತಾ ಇರಬೇಕು." ಎಂದರು ದಫೇದಾರರು. ಪೊಲೀಸಿನವರ ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಲ್ಲ. "ಇಲ್ಲ ಅಕ್ಕ. ವಾರದಿಂದ ಯಾರೂ ಬಡಿಯದೇ ಇದ್ರೂ ನಂದೋದಿಲ್ಲವಲ್ಲ. ಗಂಟೆಯಣ್ಣನೇ ಕಲಿಸಿಟ್ಟು ಒಳಗೆ ಹೋಗಿದ್ರೆ, ಕಲಿತದ್ದು ಹಾಗೇ ಇರುತ್ತಲ್ವಾ?"

ಅಕ್ಕ ಅವರನ್ನು ಮೆಚ್ಚುಗೆಯಿಂದ ನೋಡಿದಳು. "ಸರಿಯಾದ ಪ್ರಶ್ನೆ. ಅದಕ್ಕೆ ನಾನಲ್ಲ, ಇರುವೆ ಉತ್ತರ ಹೇಳ್ಬೇಕು. ವಾರದ ಹಿಂದೆ ಚೆಲ್ಲಿದ ಸೀಗಡಿ ಪುಡೀನ ಇರುವೆ ಈ ತನಕ ಬಿಟ್ಟಿರುತ್ತಾ?"

ದಫೇದಾರರು ಇರುವೆಗಳ ಸಾಲನ್ನು ನೋಡುತ್ತ ನಿಂತರು. ಇವತ್ತೋ ನಿನ್ನೆಯೋ ಯಾರೋ ಇಲ್ಲಿ ಕೂತು ಕಲ್ಲು ಬಡಿದು ಮೀನಿಗೆ ಹಾಕಿದ್ದಾರೆ. ಗಂಟೆಯಣ್ಣನ ಚಪ್ಪಲಿ ವಾರದಿಂದ ಚೌಕಿಯ ಬಾಗಿಲು ಬಿಟ್ಟು ಕದಲಿಲ್ಲ.

"ಅವನಲ್ಲ," ಎಂದರು. ಇನ್ನೊಮ್ಮೆ, ತಮಗೇ ಹೇಳಿಕೊಳ್ಳುವಂತೆ, "ಅವನಲ್ಲ."

ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ವಾರದ ಮೇಲೆ ಮೊದಲ ಸಲ ಅವರಿಗೆ ಹಸಿವಾಯಿತು. ಡಬ್ಬಿ ಖಾಲಿಯಾಗಿತ್ತು.

"ಕೂರಬೇಡ, ಏಳು," ಎಂದಳು ಅಕ್ಕ. "ಯಾರಲ್ಲ ಅಂತ ಗೊತ್ತಾಯ್ತು. ಯಾರು ಅಂತ ಗೊತ್ತಾಗದೆ ನಿಮ್ಮ ಜೀಪು ಬರಿಗೈಲಿ ಹೋಗುತ್ತಾ?"

*

ಹೊತ್ತುಗೊತ್ತಿಲ್ಲದೆ ತೂಬಿನ ಬಳಿ ಕೂತರೂ ಯಾರೂ ಕೇಳದಂಥವರು ಅಲ್ಲಿ ಇಬ್ಬರೇ. ಒಬ್ಬ ಬಲೆಗಾರ, ಅದೇ ನೆರಳಲ್ಲಿ ಬಲೆಯ ಹರುಕು ಹೆಣೆಯುತ್ತ ಮುದುಕನಾದವನು. ಇನ್ನೊಬ್ಬ ಯಜಮಾನಿಯ ಅಳಿಯ. ಮೀನುಮರಿ ಸಾಗಿಸುವ ವ್ಯಾನು ಅವನ ಕೈಯಲ್ಲಿತ್ತು. ಅದರ ತೊಟ್ಟಿ ತೊಳೆಯಲು ನೀರಿಗೆಂದು ಅಲ್ಲಿಗೇ ಬರುತ್ತಿದ್ದ.

"ಉಳಿದ ಮೀನು ಎಷ್ಟಿವೆ ಅಂತ ಎಲ್ಲರ ಎದುರಿಗೆ ನೋಡಬೇಕು, ಎಲ್ಲರನ್ನೂ ತೂಬಿನ ಹತ್ರ ಕರೆಸಿ ಯಜಮಾನಮ್ಮ," ಎಂದು ದಫೇದಾರರು ಹೇಳಿಕಳಿಸಿದರು.

ಅವರೆಲ್ಲ ಬರುವ ಮೊದಲು ಅಕ್ಕ ದಫೇದಾರರ ಕಿವಿಯಲ್ಲಿ ಒಂದೇ ಮಾತು ಹೇಳಿದ್ದಳು. "ನೀನು ಮೀನು ನೋಡಬೇಡ. ಮಿಕ್ಕವರೆಲ್ಲ ಅದನ್ನೇ ನೋಡ್ತಾರೆ. ನೀನು ಅವರ ಕೈ ನೋಡು."

ಯಜಮಾನಿ ಬಂದರು. ಗಂಡ ಸತ್ತ ಮೇಲೆ ಒಬ್ಬರೇ ಹೊಂಡಗಳನ್ನು ನಡೆಸಿದವರು. ತಾಯಿಮೀನು ಹೋದ ದಿನದಿಂದ ಮಾತು ಕಡಿಮೆ ಮಾಡಿದ್ದರು. ಮಳೆ ಬಿದ್ದಾಗ ಮೊಟ್ಟೆ ಇಡಬೇಕಾದವು ಅವೇ. ಅವಿಲ್ಲದೆ ಮರಿಯಿಲ್ಲ, ಮರಿಯಿಲ್ಲದೆ ಸುಣ್ಣ ಹೊಡೆದ ಆ ಹೊಂಡಗಳೆಲ್ಲ ಬರೀ ಗುಂಡಿಗಳು.

ಅಳಿಯ ಮೊಬೈಲು ನೋಡುತ್ತ ಬಂದ. "ಏನತ್ತೆ, ಟೀಚರಮ್ಮ ಮೀನಿಗೆ ಪಾಠ ಹೇಳೋಕೆ ಬಂದಿದಾರಾ?"

"ಮೀನಿಗಾದ್ರೂ ಪಾಠ ಹತ್ತುತ್ತೆ ಬಿಡಿ," ಎಂದ ಬಲೆಗಾರ, ಯಾರ ಕಡೆಗೂ ನೋಡದೆ. "ದೊಡ್ಡ ಮನೆ ಅಳಿಯಂದಿರಿಗೆ ಹತ್ತೋದು ಕಷ್ಟ."

"ಬಾಯಿ ಹೊಲ್ಕೊಳ್ಳೋ ಮುದುಕಪ್ಪ. ಬಲೆ ಹೊಲಿಯೋ ದಾರ ಮಿಕ್ಕಿದ್ರೆ ಅದಕ್ಕೇ ಹಾಕು."

ಅಕ್ಕ ಕೆಳಗಿನ ಮೆಟ್ಟಿಲಲ್ಲಿ ಕೂತು ಕೈ ತೊಳೆಯುವವಳಂತೆ ಎರಡೂ ಕೈ ನೀರೊಳಗಿಟ್ಟಿದ್ದಳು. ಗುಂಡುಕಲ್ಲುಗಳು ಅವಳ ಅಂಗೈಯಲ್ಲಿದ್ದವು, ಯಾರಿಗೂ ಕಾಣುತ್ತಿರಲಿಲ್ಲ. ದಫೇದಾರರು ನೀರಿಗೆ ಬೆನ್ನು ಹಾಕಿ ನಿಂತರು.

ಅವಳ ಭುಜ ಒಂದಿಷ್ಟು ಅಲುಗಿತು. ಸದ್ದಿಲ್ಲ.

ಬೆನ್ನ ಹಿಂದೆ ನೀರು ಕದಡುವುದು ದಫೇದಾರರಿಗೆ ಕೇಳಿಸಿತು. ಎದುರಿಗಿದ್ದ ಮುಖಗಳೆಲ್ಲ ಒಟ್ಟಿಗೆ ಹೊಂಡದ ಕಡೆ ತಿರುಗಿದವು. ಮೀನು ಬಂದವು, ಅವುಗಳ ಬಾಲದ ಹೊಡೆತಕ್ಕೆ ಮೆಟ್ಟಿಲು ಒದ್ದೆಯಾಯಿತು. ತಿರುಗಿ ನೋಡಬೇಕೆಂದು ಕತ್ತು ತುಡಿಯುತ್ತಿತ್ತು. ದಫೇದಾರರು ತಡೆದುಕೊಂಡರು.

ಯಜಮಾನಿಯ ಬೆರಳುಗಳು ತಾವೇ ಎಣಿಸತೊಡಗಿದ್ದವು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತಿತ್ತು. ಬಲೆಗಾರನ ಬಲಗೈ ಹೆಗಲ ಮೇಲೇರಿ ಗಾಳಿಯಲ್ಲಿ ಇಲ್ಲದ ಬಲೆಯ ಮಡಿಕೆ ಹಿಡಿದಿತ್ತು. ಅಷ್ಟು ಮೀನು ಒಂದೆಡೆ ಕಂಡರೆ ಆ ಕೈಗೆ ಬೇರೇನೂ ಗೊತ್ತಿರಲಿಲ್ಲ.

ಅಳಿಯನ ಕೈ ಪ್ಯಾಂಟಿನ ಮಗ್ಗುಲ ಜೇಬಿಗೆ ಇಳಿದಿತ್ತು. ಒಳಗೆ ಮುಷ್ಟಿ ಕಟ್ಟಿ, ಅರ್ಧ ಹೊರಕ್ಕೆ ಬಂದು, ಎರಚಲು ಮಣಿಕಟ್ಟು ತಿರುಗಿಸಿ, ಅಲ್ಲೇ ಕಲ್ಲಾಯಿತು.

ದಫೇದಾರರು ಆ ಮಣಿಕಟ್ಟನ್ನು ಹಿಡಿದುಕೊಂಡರು.

"ಹಾಕ್ರಿ," ಎಂದರು ಮೆಲ್ಲಗೆ. "ಪಾಪ, ಕಾಯ್ತಾ ಇದಾವೆ."

ಮುಷ್ಟಿ ಬಿಚ್ಚಿಕೊಂಡಿತು. ಕಂದು ಪುಡಿ ಗಾಳಿಯಲ್ಲಿ ಹಾರಿ ನೀರಿಗೆ ಬಿತ್ತು. ಮೀನುಗಳು ಅದಕ್ಕಾಗಿ ಒಂದರ ಮೇಲೊಂದು ಏರಿದವು. ಸೀಗಡಿಯ ವಾಸನೆ ಎಲ್ಲರ ಮೂಗಿಗೂ ಬಡಿಯಿತು.

"ಜೇಬಲ್ಲಿ ಪುಡಿ ಇದ್ರೆ ಕಳ್ಳನಾ?" ಅಳಿಯ ಕೈ ಕೊಸರಿದ. "ಮೀನಿಗೆ ತಿಂಡಿ ಹಾಕೋದು ಯಾವ ಕಾನೂನಲ್ಲಿ ತಪ್ಪು?"

"ಯಾವ ಕಾನೂನಲ್ಲೂ ತಪ್ಪಲ್ಲಪ್ಪ," ಎಂದಳು ಅಕ್ಕ ಮೆಟ್ಟಿಲು ಹತ್ತುತ್ತ. ಅಂಗೈ ಬಿಚ್ಚಿ ಕಲ್ಲುಗಳನ್ನು ತೋರಿಸಿದಳು. "ಆದ್ರೆ ಒಬ್ಬರಿಗೂ ಕೇಳಿಸದ ಹಾಗೆ ಕರೆದು ಹಾಕ್ತಿದ್ದೆಯಲ್ಲ, ಅದು ಯಾಕೆ? ನೀನು ಮೀನಿಗೆ ಕಲಿಸಿದೆ, ಕಲ್ಲು ಬಡಿದ್ರೆ ಬಾ ಅಂತ. ಮೀನು ನಿನ್ನ ಕೈಗೆ ಕಲಿಸ್ತು, ನಾವು ಬಂದ್ರೆ ಜೇಬಿಗೆ ಹೋಗು ಅಂತ. ನೀನು ಬೇಡ ಅಂದ್ರೂ ಅದು ಹೋಯ್ತು. ಅದರ ತಪ್ಪಲ್ಲ, ಚೆನ್ನಾಗಿ ಕಲಿತಿದೆ."

ಅಳಿಯ ಅತ್ತೆಯ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಕುಗ್ಗಿಸಿತೆಂದು ಕಾಣುತ್ತದೆ.

"ಪಕ್ಕದೂರಿನ ಹೊಂಡದವರು ಪಾಲುದಾರನನ್ನಾಗಿ ಮಾಡ್ಕೋತೀವಿ ಅಂದಿದ್ರು," ಎಂದ. "ತಾಯಿಮೀನು ತಂದ್ರೆ. ಇಲ್ಲಿ ನಾನು ಯಾವತ್ತಿದ್ರೂ ಡ್ರೈವರೇ. ಕಲಿಸಿದ್ದು ನಾನೇ. ಬೆಳಗಾಗೋ ಹೊತ್ತಿಗೆ ಬಂದು, ದಿನಾ ಒಂದಿಷ್ಟು."

ಯಜಮಾನಿ ಅವನ ಕಡೆ ತಿರುಗಿದರು. "ನನ್ನ ಮನೆಗೆ ಬಂದ ಮೇಲೆ ನೀನು ಇಷ್ಟು ತಾಳ್ಮೆಯಿಂದ ಮಾಡಿದ ಕೆಲಸ ಇದೊಂದೇ."

ಬಲೆಗಾರ ನಗು ತಡೆಯಲಾರದೆ ಕೆಮ್ಮಿದ.

"ಮೀನು ಎಲ್ಲಿ?" ಎಂದರು ದಫೇದಾರರು.

"ಗೊತ್ತಿಲ್ಲ."

"ಇಷ್ಟೊತ್ತು ಚೆನ್ನಾಗಿ ಹೇಳ್ತಿದ್ದೆಯಲ್ಲ."

"ನಿಜ ಸ್ವಾಮಿ. ಕಲಿಸಿದ್ದು ನಾನು, ಒಯ್ದೋನು ನಾನಲ್ಲ. ಆ ಬೆಳಿಗ್ಗೆ ವ್ಯಾನ್ ತಂದು ನಿಲ್ಲಿಸಿ ಕಲ್ಲು ಬಡಿದೆ. ಬಂದಿದ್ದು ಈಗ ಉಳಿದಿರೋ ಇವಷ್ಟೇ. ಮಿಕ್ಕವು ಆಗಲೇ ಇರಲಿಲ್ಲ. ಹೆದರಿ ಬರಿ ವ್ಯಾನ್ ತಿರುಗಿಸ್ಕೊಂಡು ಹೋದೆ."

"ಅವತ್ತೇ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ನಾನು ಕದಿಯೋಕೆ ಬಂದೆ, ನನಗಿಂತ ಮುಂಚೆ ಯಾರೋ ಕದ್ದುಬಿಟ್ಟಿದ್ದಾರೆ ಅಂತಲಾ?"

"ಹೆದರಿದೋನು ಇವತ್ತಿನ ತನಕ ಯಾಕೆ ಹಾಕ್ತಾ ಇದ್ದೆ?"

ಅಳಿಯ ತಲೆ ತಗ್ಗಿಸಿದ. "ಗದ್ದಲ ಅಡಗಿದ ಮೇಲೆ ಉಳಿದವನ್ನಾದ್ರೂ ಒಯ್ಯೋಣ ಅಂತ."

"ಇದೊಂದು ಮಾತು ನಂಬಬಹುದು," ಎಂದ ಬಲೆಗಾರ.

ಉಳಿದ ಮಾತನ್ನು ಅಲ್ಲಿ ಯಾರೂ ನಂಬಲಿಲ್ಲ. ಅಕ್ಕ ಮಾತ್ರ ಕೊಡೆಯ ತುದಿಯಿಂದ ನೆಲ ಕೆರೆಯುತ್ತ ತೂಬಿನ ಬಾಯಿಯನ್ನೇ ನೋಡುತ್ತಿದ್ದಳು. ದಫೇದಾರರಿಗೆ ಅದನ್ನು ವಿಚಾರಿಸುವ ವ್ಯವಧಾನವಿರಲಿಲ್ಲ. ಗುಂಡುಕಲ್ಲುಗಳನ್ನು ಸಾಕ್ಷ್ಯವೆಂದು ತಮ್ಮ ಜೇಬಿಗೆ ಹಾಕಿಕೊಂಡು ಚೌಕಿಯ ಕಡೆ ಹೆಜ್ಜೆ ಹಾಕುವಾಗ ಅವರ ನಡಿಗೆ ಓಟದಂತಿತ್ತು.

*

ಬೀಗ ತೆಗೆದಾಗ ಗಂಟೆಯಣ್ಣ ಗೋಡೆಗೆ ಒರಗಿ ಕೂತಿದ್ದ. ಮಗಳು ಸರಳಿನ ಈಚೆ ಕೂತು ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

"ಜೀಪು ಬಂತಾ?" ಎಂದ ಗಂಟೆಯಣ್ಣ.

"ಬರುತ್ತೆ. ನಿನಗಲ್ಲ." ದಫೇದಾರರು ಬಾಗಿಲು ದೊಡ್ಡದಾಗಿ ತೆರೆದು ಹಿಡಿದರು. "ನನ್ನಿಂದ ತಪ್ಪಾಯ್ತು ಗಂಟೆಯಣ್ಣ."

ಗಂಟೆಯಣ್ಣ ಎದ್ದು ಮೊಣಕಾಲು ನೀವಿಕೊಂಡ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. "ಮೀನಿಗೆ ಹೊತ್ತಿಗೆ ಸರಿಯಾಗಿ ಹಾಕ್ಸಿದ್ರಾ?"

"ಹಾಕ್ಸಿದೆ. ಗಂಟೆ ಒಂದನ್ನ ಕೆಡಿಸಿಟ್ಟಿದೀನಿ."

ಮಗಳು ಅಪ್ಪನ ಕೈ ಹಿಡಿದು ಎರಡು ಹೆಜ್ಜೆ ನಡೆದವಳು ನಿಂತು, ಡಬ್ಬಿಯ ಚೀಲವನ್ನು ದಫೇದಾರರ ಕೈಗೆ ತುರುಕಿದಳು. "ಹಿಡ್ಕೊಂಡು ಬನ್ನಿ. ವಾರದಿಂದ ಹೊತ್ತು ಹೊತ್ತು ನನಗೆ ಸಾಕಾಗಿದೆ."

ಮಾತು ಒರಟಾಗಿದ್ದರೂ ಅವಳು ಮುಖ ಹೊರಳಿಸಿರಲಿಲ್ಲ. ದಫೇದಾರರು ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೋದರು.

ಜೀಪು ಬಂದು ಅಳಿಯನನ್ನು ಕೂರಿಸಿಕೊಂಡು ಧೂಳೆಬ್ಬಿಸುತ್ತ ಹೋಯಿತು. ಆಳುಗಳು ಸುಣ್ಣದ ಕೈ ತೊಳೆದು ಮನೆಗೆ ಹೊರಟರು. ಹೋಗುವ ಮೊದಲು ಒಬ್ಬೊಬ್ಬರೂ ಗಂಟೆಯಣ್ಣನ ಬೆನ್ನು ತಟ್ಟಿದರು. ಯಜಮಾನಿ ಅವನ ಎದುರು ನಿಂತು ಉಗ್ರಾಣದ ಬೀಗದಕೈ ಅವನ ಅಂಗೈಯಲ್ಲಿಟ್ಟರು.

"ಅಮ್ಮಾವ್ರೇ, ಇದು ಮೊದಲೂ ನನ್ನ ಹತ್ರಾನೇ ಇತ್ತು," ಎಂದ ಗಂಟೆಯಣ್ಣ. ಅವರು ಅಳುತ್ತಲೇ ನಕ್ಕರು.

ಇಳಿಬಿಸಿಲು ನೀರಿನ ಮೇಲೆ ಹಾಸಿತ್ತು. ಗಂಟೆಯಣ್ಣ ಹಿಂಡಿಯ ಬುಟ್ಟಿ ತಂದು ಕಂಬದ ಬುಡದಲ್ಲಿಟ್ಟು ಸುತ್ತಿಗೆಗೆ ಕೈ ಹಾಕಿದ.

"ನೀನಲ್ಲ," ಎಂದಳು ಅಕ್ಕ. "ಇವನು ಬಾರಿಸಲಿ. ಸಾಲ ಮಾಡಿದೋನು ಇವನು."

"ಯಾವ ಸಾಲ ಅಕ್ಕ?"

"ಗಂಟೆ ಬಾರಿಸೋದು ಅಂದ್ರೆ ಕೊಡ್ತೀನಿ ಅಂತ ಮಾತು ಕೊಟ್ಟ ಹಾಗೆ. ವಾರದಿಂದ ಎಷ್ಟು ಸಲ ಮಾತು ಕೊಟ್ಟು ತಪ್ಪಿದೀಯೋ ಅಷ್ಟೂ ಸಲ ಬಾರಿಸಿ, ಪ್ರತಿಸಲ ಒಂದು ಹಿಡಿ ಹಾಕು. ನಂದಿದ್ದನ್ನ ಮತ್ತೆ ಹೊತ್ತಿಸೋದು ಮೊದಲಿನಷ್ಟು ಕಷ್ಟ ಇಲ್ಲ. ಒಮ್ಮೆ ಕಲಿತದ್ದು ಬೇಗ ಬರುತ್ತೆ."

ಠಣ್. ಒಂದು ಹಿಡಿ. ನೀರು ಸುಮ್ಮನಿತ್ತು.

"ಕೈ ಬಿಗಿಬೇಡಿ," ಎಂದ ಗಂಟೆಯಣ್ಣ. "ನೆಂಟರ ಮನೆ ಬಾಗಿಲು ಬಡಿಯೋ ಹಾಗೆ ಹೊಡೀರಿ, ಜಪ್ತಿಗೆ ಹೋದ ಹಾಗಲ್ಲ."

ಠಣ್. ಒಂದು ಹಿಡಿ. ಠಣ್. ಇನ್ನೊಂದು. ಎಲ್ಲೋ ಒಂದು ಬೆನ್ನು ಮೇಲೆದ್ದು ಮುಳುಗಿತು. ಆಮೇಲೆ ಎರಡು. ಹಿಂಡಿಯ ಚೂರು ಮೂಸಿ, ಅನುಮಾನದಿಂದ ಸುತ್ತು ಹೊಡೆದು, ಬಾಯಿ ಹಾಕಿದವು. ಮುಂದಿನ ಗಂಟೆಗೆ ಇನ್ನಷ್ಟು ಬಂದವು. ಬುಟ್ಟಿ ಅರ್ಧ ಇಳಿಯುವ ಹೊತ್ತಿಗೆ ಉಳಿದ ತಾಯಿಮೀನುಗಳೆಲ್ಲ ಕಂಬದ ಕೆಳಗೆ ನೆರೆದಿದ್ದವು.

ಗಂಟೆಯಣ್ಣ ಏರಿಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವುಗಳನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಮಗಳು. ಯಜಮಾನಿ ಬುಟ್ಟಿಯ ಬಳಿ ನಿಂತು ಈ ಸಲ ಬಾಯಿ ಬಿಟ್ಟೇ ಎಣಿಸುತ್ತಿದ್ದರು. ಬಲೆಗಾರ ಬೀಡಿ ಹಚ್ಚಿ, ಹೊಗೆಯನ್ನು ಆಚೆ ಬಿಡುತ್ತಿದ್ದ. ದಫೇದಾರರಿಗೆ ಮೈ ಹಗುರಾಗಿ, ಇವತ್ತು ರಾತ್ರಿ ನಿದ್ದೆ ಬರುತ್ತದೆ ಅನ್ನಿಸಿತು. ಅಕ್ಕ ಕೈಚೀಲದಿಂದ ಒಂದು ಪೆಪ್ಪರಮೆಂಟು ತೆಗೆದು ಅವರ ಅಂಗೈಗೆ ಹಾಕಿದಳು.

ಅವರು ಅದನ್ನು ಬಾಯಿಗೆ ಹಾಕಿಕೊಂಡು ಮತ್ತೊಂದು ಸಲ ಬಾರಿಸಿದರು. ಒಂದು ಹಿಡಿ ಹಿಂಡಿ ಎರಚಿದರು.

ಹಿಂಡಿ ನೀರಿಗೆ ಬಿತ್ತು. ಯಾವ ಮೀನೂ ಅದನ್ನು ಮುಟ್ಟಲಿಲ್ಲ.

ಎಲ್ಲವೂ ಒಟ್ಟಿಗೆ ಮೂತಿ ತಿರುಗಿಸಿದ್ದವು. ಮರುಕ್ಷಣ ನೀರು ಸೀಳಿಕೊಂಡು, ಕರೆದವರ ಕಡೆಗೆ ಓಡುವಂತೆ, ತೂಬಿನ ಕಡೆಗೆ ಹೊರಟವು. ಮೆಟ್ಟಿಲ ಬುಡದಲ್ಲಿ ಬಾಯಿ ತೆರೆದು ಮುಚ್ಚುತ್ತ ನೆರೆದವು.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ದಫೇದಾರರ ಕೈ ಜೇಬಿಗೆ ಹೋಯಿತು. ಎರಡೂ ಗುಂಡುಕಲ್ಲುಗಳು ಅಲ್ಲೇ ತಣ್ಣಗಿದ್ದವು. ಅಳಿಯ ಜೀಪಿನಲ್ಲಿ ಇಷ್ಟುಹೊತ್ತಿಗೆ ಪಟ್ಟಣ ಮುಟ್ಟಿರಬೇಕು. ಉಳಿದವರೆಲ್ಲ ಕಣ್ಣೆದುರಿಗೇ ಇದ್ದರು. ಬಲೆಗಾರನ ಬೀಡಿ ತುಟಿಯಲ್ಲೇ ನಿಂತಿತ್ತು.

"ಗಂಟೆಯಣ್ಣ," ಎಂದಳು ಅಕ್ಕ, ಧ್ವನಿ ಏರಿಸದೆ. "ತೂಬಿನ ಕೊಳವೆಯಲ್ಲಿ ಈಗ ನೀರಿದೆಯಾ?"

"ಈ ತುದಿಯಿಂದ ಆ ತುದಿವರೆಗೂ ತುಂಬಿರುತ್ತೆ. ಗೋಡೆ ಆಚೆಯ ಗುಂಡಿಯಲ್ಲಿ ಒಂದು ಮುಚ್ಚಳ ಇದೆ, ಅಲ್ಲಿ ತಡೆದಿದೀವಿ. ಯಾಕೆ?"

"ಆ ಗುಂಡೀಲಿ ಕೂತು ಬಡಿದ್ರೆ ಇಲ್ಲಿಗೆ ಕೇಳಿಸುತ್ತಾ?"

"ಕೇಳಿಸುತ್ತೆ. ಮುಚ್ಚಳ ತೆಗೆದ್ರೆ ಮೀನೂ ಆಚೆ ಹೋಗುತ್ತೆ," ಎಂದ ಗಂಟೆಯಣ್ಣ. ನೀರಿನ ಕಡೆ ನೋಡಿದ. ಮೀನುಗಳು ತೂಬಿನ ಬಾಯಿಗೆ ಮೂತಿ ಒತ್ತಿ ಹಿಡಿದಿದ್ದವು.

ದಫೇದಾರರು ಸುತ್ತಿಗೆ ಕೆಳಗಿಡಲು ಬಾಗಿದರು. ಅಕ್ಕ ಅವರ ಮೊಣಕೈ ಹಿಡಿದಳು.

"ನಿಲ್ಲಿಸಬೇಡ. ಬಾರಿಸ್ತಾ ಇರು. ನಿಲ್ಲಿಸಿದ್ರೆ ನಮಗೆ ಗೊತ್ತಾಯ್ತು ಅಂತ ಗೋಡೆ ಆಚೆ ಇರೋನಿಗೆ ಗೊತ್ತಾಗುತ್ತೆ."

ಠಣ್, ಎಂದಿತು ಗಂಟೆ. ದಫೇದಾರರು ಗೋಡೆಯ ಮೇಲಿಂದ ಕಣ್ಣು ತೆಗೆಯದೆ ಒಂದು ಹಿಡಿ ಎರಚಿದರು. ತಿನ್ನಲು ಯಾರೂ ಬರಲಿಲ್ಲ. ಬುಟ್ಟಿಯಲ್ಲಿ ಇನ್ನೂ ಅರ್ಧ ಸಾಲ ಉಳಿದಿತ್ತು.